350 ಡಾಲರ್ ಜೈಲಿನೊಳಗೆ ಎಷ್ಟಾಗುತ್ತದೆ? ಅಮೆರಿಕದ ಕೈದಿಗಳ ದಾವೆ ಮತ್ತು ಕೋರ್ಟ್ ಫೀ

ಡಲ್ಲಾಸ್ ಧಾರವಾಡಿಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ. ಕಾನೂನು ಗೊತ್ತಿರುವವರು ಈ ವೇದಿಕೆಯಲ್ಲಿ ಇದ್ದೀರಿ ಅಂತ ಇಲ್ಲಿ ಕೇಳುತ್ತಿದ್ದೇನೆ.

ನಾನು ಟೆಕ್ಸಾಸ್‌ನಲ್ಲಿದ್ದೇನೆ. ಜೈಲಿನಲ್ಲಿರುವವರಿಗೆ ಹಳೆಯ ಪುಸ್ತಕ ಕಳಿಸುವ ಒಂದು ಸಣ್ಣ ಗುಂಪಿದೆ. ಶನಿವಾರ ಬೆಳಿಗ್ಗೆ ಅಲ್ಲಿ ಹೋಗಿ ಕೂರುತ್ತೇನೆ. ಕಾಗದಗಳು ಬರುತ್ತವೆ. ಒಬ್ಬರಿಗೆ ನಿಘಂಟು ಬೇಕು, ಇನ್ನೊಬ್ಬರಿಗೆ ಮರಗೆಲಸದ ಪುಸ್ತಕ ಬೇಕು. ಹುಡುಕಿ, ಕಟ್ಟಿ, ಅಂಚೆಗೆ ಹಾಕುತ್ತೇವೆ. ಇಷ್ಟೇ ನಮ್ಮ ಕೆಲಸ.

ಹೋದ ತಿಂಗಳು ಒಬ್ಬರ ಕಾಗದದಲ್ಲಿ ಪುಸ್ತಕದ ಜೊತೆ ಎರಡು ಪ್ರಶ್ನೆಗಳೂ ಇದ್ದವು. ಅವರು ಎರಡು ವರ್ಷದ ಹಿಂದೆ ಬೆನ್ನಿಗೆ ಪೆಟ್ಟಾದಾಗ ಚಿಕಿತ್ಸೆ ಸಿಗಲಿಲ್ಲ ಅಂತ ಫೆಡರಲ್ ಕೋರ್ಟಿನಲ್ಲಿ ಕೈಬರಹದಲ್ಲೇ ದಾವೆ ಹಾಕಿದ್ದರು. ವಕೀಲರಿಲ್ಲ. ನ್ಯಾಯಾಧೀಶರು ಮೊದಲ ಓದಿಗೇ ವಜಾ ಮಾಡಿದರು. ಎದುರು ಪಕ್ಷಕ್ಕೆ ನೋಟಿಸ್ ಕೂಡ ಹೋಗಲಿಲ್ಲ. ಆದರೂ ಇವತ್ತಿಗೂ ಪ್ರತಿ ತಿಂಗಳು ಅವರ ಜೈಲು ಖಾತೆಯಿಂದ ದುಡ್ಡು ಕಡಿತವಾಗುತ್ತಿದೆ. ಆ ಖಾತೆಗೆ ದುಡ್ಡು ಹಾಕುವುದು ಅವರ ತಾಯಿ. ತಿಂಗಳಿಗೆ 50 ಡಾಲರ್. ಟೆಕ್ಸಾಸ್ ಜೈಲುಗಳಲ್ಲಿ ದುಡಿದರೂ ಕೂಲಿ ಇಲ್ಲ. ಹಾಗಾಗಿ ಅವರ ಕೈಗೆ ಬರುವುದೆಲ್ಲ ತಾಯಿ ಕಳಿಸಿದ ದುಡ್ಡೇ.

ಅವರ ಮೊದಲ ಪ್ರಶ್ನೆ: ಕೇಸು ಸತ್ತು ಎರಡು ವರ್ಷವಾಯಿತು, ಈ ಕಡಿತ ಯಾವಾಗ ನಿಲ್ಲುತ್ತದೆ? ಎರಡನೆಯದು: ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯುತ್ತಿಲ್ಲ, ಅದಕ್ಕೆ ಇನ್ನೊಂದು ದಾವೆ ಹಾಕಿದರೆ ಕಡಿತ ಎರಡು ಪಟ್ಟಾಗುತ್ತದೆಯೇ?

ನಾನು ಸಾಫ್ಟ್‌ವೇರ್‌ನವನು, ವಕೀಲನಲ್ಲ. ಸಲಹೆ ಕೊಡುವ ಹಕ್ಕು ನನಗಿಲ್ಲ ಅಂತ ಗೊತ್ತು. ಆದರೆ ಕಾನೂನು ಏನು ಹೇಳುತ್ತದೆ ಅಂತ ಓದಿ ತಿಳಿಸಬಹುದಲ್ವಾ? ಓದಲು ಕೂತೆ. ಓದಿದಷ್ಟೂ ನಿದ್ದೆ ಹೋಯಿತು.

ಹಾಸನದ ವಕೀಲೆ

ಅಣ್ಣ, ನಾನು ಸಿವಿಲ್ ವಕೀಲೆ. ಅಮೆರಿಕದಲ್ಲಿ ಓದುವಾಗ ಒಂದು ವರ್ಷ ಕೈದಿಗಳ ಹಕ್ಕಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದ್ದೆ. ಆ ನೆನಪಿನ ಮೇಲೆ ಹೇಳುತ್ತೇನೆ. ಅವರ ಕೇಸಿಗೆ ಸಲಹೆ ಅಂತ ತಗೋಬೇಡಿ, ಕಾನೂನಿನ ವಿವರಣೆ ಅಂತ ತಗೊಳ್ಳಿ.

ಮೊದಲ ಪ್ರಶ್ನೆಗೆ ಉತ್ತರ ಕಷ್ಟದ್ದು. ದಾವೆಯ ಕೋರ್ಟ್ ಫೀ 350 ಡಾಲರ್, ಅದು ಪೂರ್ತಿ ತೀರುವ ತನಕ ಕಡಿತ ನಿಲ್ಲುವುದಿಲ್ಲ. ಕೇಸು ಗೆದ್ದರೂ ಸೋತರೂ ಮೊದಲ ದಿನವೇ ವಜಾ ಆದರೂ ಅಷ್ಟೇ. ಫೀ ತೀರ್ಪಿಗಲ್ಲ, ದಾವೆ ದಾಖಲು ಮಾಡಿದ್ದಕ್ಕೆ. ವಾಪಸ್ ಕೊಡುವ ಪದ್ಧತಿ ಇಲ್ಲ.

ಎರಡನೆಯದಕ್ಕೂ ಉತ್ತರ ಹೌದು. ಕಡಿತ ಎರಡು ಪಟ್ಟಾಗುತ್ತದೆ.

ಇದೆಲ್ಲ 1996ರ ಪ್ರಿಸನ್ ಲಿಟಿಗೇಶನ್ ರಿಫಾರ್ಮ್ ಆಕ್ಟ್‌ನಿಂದ ಬಂದದ್ದು. ಆ ವರ್ಷದ ಏಪ್ರಿಲ್ 26ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಅದೂ ಪ್ರತ್ಯೇಕ ಮಸೂದೆಯಾಗಿ ಬರಲಿಲ್ಲ, ಖರ್ಚುವೆಚ್ಚದ ಒಂದು ದೊಡ್ಡ ಮಸೂದೆಯೊಳಗೆ ಸೇರಿ ಬಂತು. ಅದಕ್ಕೂ ಮುಂಚೆ, 1892ರಿಂದ ಅಲ್ಲಿ ಒಂದು ಹಳೆಯ ದಾರಿ ಇತ್ತು. ದುಡ್ಡಿಲ್ಲ ಅಂತ ಪ್ರಮಾಣ ಮಾಡಿ ಹೇಳಿದರೆ ಕೋರ್ಟ್ ಫೀ ಬಿಡುತ್ತಿದ್ದರು. ಹೊರಗಿನ ಬಡವರಿಗೆ ಇವತ್ತಿಗೂ ಆ ದಾರಿ ಇದೆ. ಕೈದಿಗಳಿಗೆ ಮಾತ್ರ ಮುಚ್ಚಿದರು. ಅವರಿಗೆ ಮಾಫಿ ಇಲ್ಲ, ಕಂತು ಮಾತ್ರ.

ಕಂತಿನ ಲೆಕ್ಕ ಹೀಗೆ. ಹಿಂದಿನ ಆರು ತಿಂಗಳು ಖಾತೆಗೆ ಬಂದ ದುಡ್ಡಿನ ಸರಾಸರಿ ಮತ್ತು ಖಾತೆಯಲ್ಲಿದ್ದ ದುಡ್ಡಿನ ಸರಾಸರಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಶೇಕಡಾ 20 ಮೊದಲ ಕಂತು. ಆಮೇಲೆ ಪ್ರತಿ ತಿಂಗಳು, ಹಿಂದಿನ ತಿಂಗಳು ಬಂದ ಆದಾಯದ ಶೇಕಡಾ 20. ಖಾತೆಯಲ್ಲಿ 10 ಡಾಲರ್‌ಗಿಂತ ಜಾಸ್ತಿ ಇದ್ದಾಗ ಜೈಲಿನವರೇ ಕೋರ್ಟಿಗೆ ಕಳಿಸುತ್ತಾರೆ. ತಾಯಿ ಕಳಿಸಿದ ದುಡ್ಡನ್ನೂ ಆದಾಯ ಅಂತಲೇ ಹಿಡಿಯುತ್ತಾರೆ.

ನಿಮ್ಮವರ ಲೆಕ್ಕ ಹಾಕಿ. 50ರಲ್ಲಿ ಶೇಕಡಾ 20 ಅಂದರೆ 10. ಒಂದು ದಾವೆಗೆ 35 ತಿಂಗಳು. ಅಂದರೆ ಹತ್ತಿರ ಹತ್ತಿರ ಮೂರು ವರ್ಷ.

ಬಿಸಿಬೇಳೆಬಾತ್

ಅಮ್ಮ ಕಳಿಸಿದ ದುಡ್ಡು ಮಗನ ಆದಾಯವಾ? ಇದು ಎಲ್ಲಿಯ ನ್ಯಾಯ!

ಕಾನೂನು ವಿದ್ಯಾರ್ಥಿ, ಬೆಂಗಳೂರು

ಮೇಡಂ, ಒಂದು ಅನುಮಾನ. ಎರಡು ಕೇಸಿದ್ದರೆ ಒಂದರ ನಂತರ ಒಂದರಂತೆ ತೀರಿಸಬಹುದಲ್ವಾ? ಒಟ್ಟು ಶೇಕಡಾ 20 ದಾಟಬಾರದು ಅಂತ ಓದಬಹುದಿತ್ತಲ್ಲ?

ಹಾಸನದ ವಕೀಲೆ

ಒಳ್ಳೆಯ ಪ್ರಶ್ನೆ. ನೀವು ಹೇಳಿದ ಹಾಗೆ ಓದಿದ ಕೋರ್ಟುಗಳೂ ಇದ್ದವು. ಕೆಲವು ಮೇಲ್ಮನವಿ ಕೋರ್ಟುಗಳು ಒಟ್ಟು ಶೇಕಡಾ 20ಕ್ಕೆ ನಿಲ್ಲಿಸುತ್ತಿದ್ದವು. ಉಳಿದವು ಪ್ರತಿ ಕೇಸಿಗೂ ಬೇರೆ ಬೇರೆ ಕಡಿಯುತ್ತಿದ್ದವು. 2016ರ ಜನವರಿಯಲ್ಲಿ ಬ್ರೂಸ್ ವಿ. ಸ್ಯಾಮ್ಯುಯೆಲ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿತು. ಪ್ರತಿ ಕೇಸಿಗೂ ಬೇರೆ ಶೇಕಡಾ 20, ಎಲ್ಲವೂ ಒಟ್ಟೊಟ್ಟಿಗೆ. ತೀರ್ಪು ಸರ್ವಾನುಮತದ್ದು, ಬರೆದವರು ನ್ಯಾಯಮೂರ್ತಿ ಗಿನ್ಸ್‌ಬರ್ಗ್. ಬಡವರ ಪರ ಅಂತ ನಾವೆಲ್ಲ ಗೌರವಿಸುವವರು. ನನಗೆ ಅವತ್ತು ತುಂಬ ಬೇಜಾರಾಗಿತ್ತು. ಆದರೆ ಕಾಯ್ದೆಯ ಮಾತು ಓದಿದರೆ ಅವರ ಓದು ತಪ್ಪು ಅಂತ ನಾನು ಹೇಳಲಾರೆ. ತಪ್ಪು ಕಾಯ್ದೆಯಲ್ಲಿದೆ.

ಇದರ ಅರ್ಥ, ಐದು ಫೀ ಬಾಕಿ ಇದ್ದರೆ ಬಂದ ದುಡ್ಡೆಲ್ಲ ಹೋಗುತ್ತದೆ. ಉಳಿಯುವುದು ಆ 10 ಡಾಲರ್ ಗೆರೆಯ ಕೆಳಗಿನದ್ದು ಮಾತ್ರ. ಐದು ಫೀ ಅಂದರೆ ಐದು ಜಗಳ ಅಂತಲ್ಲ. ಮೇಲ್ಮನವಿಗೂ ಬೇರೆ ಫೀ ಇದೆ, ಈಗ 605 ಡಾಲರ್. ಒಂದೇ ಗಾಯಕ್ಕೆ ದಾವೆ ಹಾಕಿ, ಸೋತು, ಅಪೀಲು ಹೋದರೆ 350 ಮತ್ತು 605, ಸೇರಿ 955. ತಿಂಗಳಿಗೆ ಹತ್ತರಂತೆ ಆ ಅಪೀಲಿನ ಬಾಕಿ ತೀರಲು ಐದು ವರ್ಷ ಬೇಕು.

ನಿವೃತ್ತ ಶಿರಸ್ತೇದಾರ

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ನನ್ನದೂ ಒಂದು ಮಾತಿರಲಿ. ಯಾರಿಗೂ ನೋವು ಮಾಡುವ ಉದ್ದೇಶವಿಲ್ಲ.

ಮೂವತ್ತು ವರ್ಷ ಸಿವಿಲ್ ಕೋರ್ಟಿನ ಕಚೇರಿಯಲ್ಲಿ ದಾವೆ ಕಾಗದ ಪರಿಶೀಲಿಸಿದವನು ನಾನು. ಒಬ್ಬ ಕಕ್ಷಿದಾರರು ಇದ್ದರು. ಪಕ್ಕದ ಮನೆಯವರ ಮೇಲೆ ವರ್ಷಕ್ಕೊಂದು ದಾವೆ. ಬೇಲಿಗೆ ಒಂದು, ನೀರಿನ ಕಾಲುವೆಗೆ ಒಂದು, ನುಗ್ಗೆ ಮರದ ಕೊಂಬೆಗೆ ಒಂದು. ಪ್ರತಿ ಸಲ ಎದುರಿನವರು ವಕೀಲರಿಗೆ ದುಡ್ಡು ಕೊಟ್ಟು ಬಂದು ನಿಲ್ಲಬೇಕಿತ್ತು. ಕೋರ್ಟ್ ಫೀ ಇಲ್ಲದಿದ್ದರೆ ತಿಂಗಳಿಗೊಂದು ಹಾಕುತ್ತಿದ್ದರು. ಒಳಗಿರುವವರಿಗೆ ಸಮಯ ಬೇಕಾದಷ್ಟಿದೆ, ಕಾಗದ ಪೆನ್ನಿದೆ. ಫೀ ಇರಲೇಬಾರದು ಅಂದರೆ ನಿಜವಾಗಿ ಪೆಟ್ಟು ತಿಂದವನ ಅರ್ಜಿ ಆ ರಾಶಿಯ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದೂ ಅನ್ಯಾಯವೇ.

ಡಲ್ಲಾಸ್ ಧಾರವಾಡಿಗ

ಸರ್, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಕಾಯ್ದೆ ತಂದವರೂ ಇದನ್ನೇ ಹೇಳಿದ್ದರು. 1995ರಲ್ಲಿ ಸುಮಾರು 40,000 ಇಂಥ ದಾವೆಗಳು ಫೆಡರಲ್ ಕೋರ್ಟುಗಳಿಗೆ ಬಂದಿದ್ದವು. ಅಷ್ಟು ಜಾಸ್ತಿ ಇದ್ದವು ಅನ್ನುವುದು ನಿಜ.

ಆದರೆ ಆಗ ಜನರ ಬಾಯಲ್ಲಿ ಓಡಾಡಿದ ಒಂದು ಕಥೆ ಇದೆ, ಕೇಳಿ. ಕೈದಿಯೊಬ್ಬ ತನಗೆ ತರಿತರಿ ಕಡಲೆಕಾಯಿ ಬೆಣ್ಣೆಯ ಬದಲು ನುಣುಪಿನದ್ದು ಕೊಟ್ಟರು ಅಂತ ಕೇಸು ಹಾಕಿದ, ನೋಡಿ ಎಂಥ ಕೇಸುಗಳು ಅಂತ ರಾಜ್ಯಗಳ ಅಟಾರ್ನಿ ಜನರಲ್‌ಗಳು ಹೇಳಿಕೊಂಡು ಬಂದರು. ಪತ್ರಿಕೆ, ಸೆನೆಟ್, ಎಲ್ಲ ಕಡೆ ಅದೇ ಮಾತು. ಆಗ ಎರಡನೇ ಸರ್ಕ್ಯೂಟ್ (ಸರ್ಕ್ಯೂಟ್ ಅಂದರೆ ಫೆಡರಲ್ ಮೇಲ್ಮನವಿ ಕೋರ್ಟಿನ ಒಂದು ವಲಯ) ಮೇಲ್ಮನವಿ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಜಾನ್ ನ್ಯೂಮನ್ ಆ ಕಡತವನ್ನೇ ತರಿಸಿ ಓದಿದರು. ನಡೆದದ್ದು ಬೇರೆ. ಆತ ಜೈಲು ಅಂಗಡಿಯಲ್ಲಿ ಕೊಂಡದ್ದರಲ್ಲಿ ತಪ್ಪು ಡಬ್ಬಿ ಬಂತು, ಅದನ್ನು ವಾಪಸ್ ಕೊಟ್ಟ. ಸರಿಯಾದದ್ದು ಬರುವ ಮುಂಚೆ ಅವನನ್ನು ಬೇರೆ ಜೈಲಿಗೆ ಸಾಗಿಸಿದರು. ಡಬ್ಬಿ ಬರಲಿಲ್ಲ, ಖಾತೆಯಿಂದ ಎರಡೂವರೆ ಡಾಲರ್ ಹೋಗಿತ್ತು. ಅವನು ಕೇಳಿದ್ದು ಆ ದುಡ್ಡು. ನ್ಯೂಮನ್ ಇದನ್ನು 1996ರಲ್ಲಿ ಬರೆದು ಪ್ರಕಟಿಸಿದರು. ಅಷ್ಟು ಹೊತ್ತಿಗೆ ಕಥೆ ತನ್ನ ಕೆಲಸ ಮುಗಿಸಿತ್ತು.

ಎರಡೂವರೆ ಡಾಲರ್‌ಗೆ ಫೆಡರಲ್ ಕೋರ್ಟ್ ಬೇಕಾ ಅಂತ ನೀವು ಕೇಳಬಹುದು. ನನಗೂ ಬೇಡ ಅನ್ನಿಸುತ್ತದೆ. ಆದರೆ ಒಳಗಿನ ಎರಡೂವರೆ ಡಾಲರ್ ಹೊರಗಿನ ಎರಡೂವರೆ ಡಾಲರ್ ಅಲ್ಲ. ಫೆಡರಲ್ ಜೈಲಿನಲ್ಲಿ ಸಾಮಾನ್ಯ ಕೆಲಸಕ್ಕೆ ಗಂಟೆಗೆ 12ರಿಂದ 40 ಸೆಂಟ್ ಕೊಡುತ್ತಾರೆ. 12 ಸೆಂಟ್ ಸಿಗುವವನಿಗೆ ಎರಡೂವರೆ ಡಾಲರ್ ಅಂದರೆ 20 ಗಂಟೆಗೂ ಮೀರಿದ ದುಡಿಮೆ. 350 ಡಾಲರ್ ಅಂದರೆ 2,900 ಗಂಟೆ ದಾಟುತ್ತದೆ. ಹೊರಗಿನ ಲೆಕ್ಕದಲ್ಲಿ ವಾರಕ್ಕೆ 40 ಗಂಟೆಯಂತೆ ಒಂದು ವರ್ಷ ನಾಲ್ಕು ತಿಂಗಳಿಗೂ ಮೇಲೆ. ನಮ್ಮಲ್ಲಿ ಯಾರಿಗಾದರೂ ಕೋರ್ಟಿನ ಬಾಗಿಲು ತಟ್ಟಲು ವರ್ಷದ ಸಂಬಳ ಇಡಿ ಅಂದರೆ ಎಷ್ಟು ಜನ ತಟ್ಟುತ್ತೇವೆ?

ಶಿಕಾಗೋ ನರ್ಸ್

ಈ ಚರ್ಚೆ ಓದಿ ಸುಮ್ನೆ ಇರಲಾಗಲಿಲ್ಲ. ಹಿಂದೆ ಒಂದು ಜೈಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದ್ದೆ. ಎಲ್ಲಿ ಅಂತ ಬೇಡ. ಅಲ್ಲಿ ಡಾಕ್ಟರನ್ನು ನೋಡಲು ಸಣ್ಣ ಶುಲ್ಕ ಇತ್ತು. ಸಣ್ಣದು ಅಂತ ನನಗನಿಸುತ್ತಿತ್ತು. ಒಬ್ಬ ವಯಸ್ಸಾದವರು ಕಿವಿನೋವು ತಡೆದುಕೊಂಡು ಮೂರು ವಾರ ಬರಲಿಲ್ಲ. ಬಂದಾಗ ಕೀವು ತುಂಬಿತ್ತು. ಯಾಕೆ ಮುಂಚೆ ಬರಲಿಲ್ಲ ಅಂದರೆ, ಆ ದುಡ್ಡಿಗೆ ಸೋಪು ಮತ್ತು ಸ್ಟಾಂಪು ತಗೋಬೇಕಿತ್ತು ಅಂದರು. ಮಗಳಿಗೆ ಕಾಗದ ಬರೆಯಲು ಸ್ಟಾಂಪು.

ಟೆಕ್ಸಾಸ್‌ನಲ್ಲಂತೂ 2019ರಿಂದ ಕೈದಿ ತಾನಾಗಿ ಕೇಳಿಕೊಂಡು ಡಾಕ್ಟರ ಬಳಿ ಹೋದರೆ ಸಲಕ್ಕೆ 13.55 ಡಾಲರ್. ದೀರ್ಘ ಕಾಯಿಲೆಗೆ ಮತ್ತು ತುರ್ತಿಗೆ ವಿನಾಯಿತಿ ಇದೆ. ಚಿಕಿತ್ಸೆಗೆ ಒಂದು ಶುಲ್ಕ, ಚಿಕಿತ್ಸೆ ಸಿಗಲಿಲ್ಲ ಅಂತ ಹೇಳಲು ಇನ್ನೊಂದು ಶುಲ್ಕ. ಎರಡೂ ಆ ತಾಯಿಯ 50 ಡಾಲರ್‌ನಿಂದಲೇ.

ಅಣ್ಣ, ಅವರ ಕಾಲಿನ ಗಾಯದ ಬಣ್ಣ ಏನು ಅಂತ ಬರೆದಿದ್ದಾರಾ? ಕಪ್ಪಾಗುತ್ತಿದ್ದರೆ ಫೀ ಲೆಕ್ಕ ಹಾಕುತ್ತ ಕೂರುವ ಹೊತ್ತಲ್ಲ ಇದು. ಇವತ್ತೇ ಲಿಖಿತವಾಗಿ ದೂರು ಕೊಡಲು ಹೇಳಿ.

ಡಲ್ಲಾಸ್ ಧಾರವಾಡಿಗ

ಬಣ್ಣ ಬರೆದಿಲ್ಲ ಅಕ್ಕ. ಇವತ್ತೇ ಕಾಗದ ಹಾಕಿ ಕೇಳುತ್ತೇನೆ.

ಹಾಸನದ ವಕೀಲೆ

ನರ್ಸ್ ಅಕ್ಕ ಹೇಳಿದ್ದು ಕಾನೂನಿನ ಪ್ರಕಾರವೂ ಸರಿ. ಜೈಲಿನೊಳಗಿನ ದೂರು ವ್ಯವಸ್ಥೆಯನ್ನು ಪೂರ್ತಿ ಮುಗಿಸದೆ ದಾವೆ ಹಾಕುವಂತಿಲ್ಲ. ಟೆಕ್ಸಾಸ್‌ನಲ್ಲಿ ಮೊದಲ ಹಂತದ ದೂರಿಗೆ 15 ದಿನ, ಅದರ ಉತ್ತರ ಬಂದ ಮೇಲೆ ಎರಡನೇ ಹಂತಕ್ಕೆ ಮತ್ತೆ 15 ದಿನ. ಆ ಗಡುವು ತಪ್ಪಿದರೆ 350 ಕೊಟ್ಟರೂ ಕೇಸು ನಿಲ್ಲುವುದು ಕಷ್ಟ.

ಇನ್ನೊಂದು ಅಪಾಯ ಅವರಿಗೆ ಗೊತ್ತಿರಬೇಕು. ಮೂರು ಸಲದ ನಿಯಮ. ಹುರುಳಿಲ್ಲದ್ದು, ದುರುದ್ದೇಶದ್ದು, ಅಥವಾ ಪರಿಹಾರ ಕೊಡುವಂಥ ಕಾನೂನು ಕಾರಣವನ್ನೇ ತೋರಿಸಿಲ್ಲ ಅಂತ ಮೂರು ದಾವೆ ಅಥವಾ ಅಪೀಲು ವಜಾ ಆದರೆ ಆಮೇಲೆ ಕಂತೂ ಇಲ್ಲ. ಪೂರ್ತಿ ಫೀ ಮುಂಗಡವಾಗಿ ಇಡಬೇಕು. ಈಗ ಅದು 405 ಡಾಲರ್, ಯಾಕಂದರೆ ಕಂತಿನವರಿಗೆ ಇಲ್ಲದ 55 ಡಾಲರ್ ಆಡಳಿತ ಶುಲ್ಕವೂ ಸೇರುತ್ತದೆ. ಗಂಭೀರ ದೈಹಿಕ ಅಪಾಯ ಕಣ್ಣೆದುರಿಗೇ ಇದೆ ಅಂತ ತೋರಿಸಿದರೆ ಮಾತ್ರ ವಿನಾಯಿತಿ. 2020ರಲ್ಲಿ ಲೋಮ್ಯಾಕ್ಸ್ ಕೇಸಿನಲ್ಲಿ, ಸರಿಪಡಿಸಿ ಮತ್ತೆ ಹಾಕಲು ಅಡ್ಡಿಯಿಲ್ಲ ಅಂತ ವಜಾ ಮಾಡಿದ್ದೂ ಆ ಮೂರರಲ್ಲಿ ಒಂದಾಗಿ ಎಣಿಕೆಯಾಗುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮವರ ಬೆನ್ನಿನ ಕೇಸು ಯಾವ ಕಾರಣಕ್ಕೆ ಹೋಯಿತು ಅಂತ ಆದೇಶದಲ್ಲಿ ನೋಡಬೇಕು. ಬಹುಶಃ ಒಂದು ಎಣಿಕೆ ಆಗಲೇ ಬಿದ್ದಿದೆ.

ಬೆನ್ನು ಅಂದಾಗ ನನಗೆ ನೆನಪಾಗುವುದು ಗ್ಯಾಂಬಲ್. ಅವರೂ ಟೆಕ್ಸಾಸ್ ಕೈದಿಯೇ. 1973ರಲ್ಲಿ ಲಾರಿಯಿಂದ ಹತ್ತಿಯ ಅಂಡಿಗೆ ಇಳಿಸುವಾಗ ಒಂದು ಮೈಮೇಲೆ ಬಿತ್ತು. ಸರಿಯಾದ ಚಿಕಿತ್ಸೆ ಕೊಡಲಿಲ್ಲ, ಕೆಲಸ ಮಾಡಲಿಲ್ಲ ಅಂತ ಶಿಕ್ಷೆ ಬೇರೆ ಕೊಟ್ಟರು ಅಂತ ಕೈಬರಹದಲ್ಲಿ ದಾವೆ ಬರೆದರು. ಕೆಳಗಿನ ಕೋರ್ಟ್ ವಜಾ ಮಾಡಿತು. ಕಾರಣ? ಪರಿಹಾರಕ್ಕೆ ಬೇಕಾದ ಕಾರಣ ತೋರಿಸಿಲ್ಲ ಅಂತ. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 1976ರಲ್ಲಿ ಎಸ್ಟೆಲ್ ವಿ. ಗ್ಯಾಂಬಲ್ ತೀರ್ಪು ಬಂತು. ಕೈದಿಯ ಗಂಭೀರ ಕಾಯಿಲೆಯನ್ನು ಬೇಕೆಂದೇ ಕಡೆಗಣಿಸುವುದು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆ ಅಂತ ಮೊದಲ ಸಲ ಹೇಳಿದ್ದು ಅಲ್ಲಿ. ವೈದ್ಯರ ವಿರುದ್ಧ ಗ್ಯಾಂಬಲ್ ಸೋತರು. ಆದರೆ ಅವರು ತೆರೆಸಿದ ಬಾಗಿಲಿನಿಂದಲೇ ಇವತ್ತು ಅಮೆರಿಕದ ಪ್ರತಿ ಕೈದಿ ಔಷಧಿ ಕೇಳುತ್ತಾನೆ.

ಶಿರಸ್ತೇದಾರ್ ಸರ್, ಇದನ್ನು ನಿಮಗೇ ಕೇಳುತ್ತೇನೆ. ಇವತ್ತಿನ ನಿಯಮದಲ್ಲಿ ಗ್ಯಾಂಬಲ್ ಅವರ ದಾವೆಗೆ ಮೊದಲ ದಿನವೇ ಒಂದು ಕಪ್ಪು ಚುಕ್ಕೆ ಬೀಳುತ್ತಿತ್ತು. ಕೂಲಿ ಇಲ್ಲದ ಜೈಲಿನಲ್ಲಿ 350, ಆಮೇಲೆ ಅಪೀಲಿಗೆ 605 ಸಾಲ. ಅವರು ಮುಂದಕ್ಕೆ ಹೋಗುತ್ತಿದ್ದರೇ? ರಾಶಿಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಅಂತ ಫೀಗೆ ಗೊತ್ತಾಗುವುದಿಲ್ಲ. ಅದು ಜೇಬು ನೋಡುತ್ತದೆ, ಗಾಯ ನೋಡುವುದಿಲ್ಲ.

ಕಾನೂನು ವಿದ್ಯಾರ್ಥಿ, ಬೆಂಗಳೂರು

ಇದಕ್ಕೆ ಪೂರಕವಾಗಿ ಒಂದು ವಿಷಯ. ಮಿಚಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಮಾರ್ಗೊ ಶ್ಲಾಂಗರ್ ಈ ದಾವೆಗಳ ಅಂಕಿಅಂಶವನ್ನು ವರ್ಷಗಟ್ಟಲೆ ನೋಡಿದ್ದಾರೆ. 1995ರ 40,000 ಇದ್ದದ್ದು 2000ದ ಹೊತ್ತಿಗೆ 25,000ದ ಆಸುಪಾಸಿಗೆ ಇಳಿಯಿತು. ಜೈಲಿನ ಜನಸಂಖ್ಯೆ ಮಾತ್ರ ಏರುತ್ತಲೇ ಇತ್ತು. ಅವರು ಕೇಳುವುದು ಸರಳ ಪ್ರಶ್ನೆ. ಕೆಟ್ಟ ಕೇಸುಗಳು ಮಾತ್ರ ಹೋಗಿದ್ದರೆ, ಉಳಿದವುಗಳಲ್ಲಿ ಗೆಲ್ಲುವ ಪ್ರಮಾಣ ಏರಬೇಕಿತ್ತು ಅಲ್ವಾ? ಏರಲಿಲ್ಲ.

ನಿವೃತ್ತ ಶಿರಸ್ತೇದಾರ

ವಕೀಲೆ ಮೇಡಂ ಕೇಳಿದ್ದಕ್ಕೆ ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಪಾಪರ್ ದಾವೆ ಅಂತ ಇತ್ತು. 1976ರ ತಿದ್ದುಪಡಿಯ ನಂತರ ಆ ಪದ ತೆಗೆದರು, ಬಾಯಲ್ಲಿ ಮಾತ್ರ ಉಳಿದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ. ಫೀ ಕೊಡುವ ಶಕ್ತಿ ಇಲ್ಲ ಅಂತ ಅರ್ಜಿ ಕೊಟ್ಟರೆ, ಮೊದಲ ವಿಚಾರಣೆ ಮಾಡುವುದು ಕೋರ್ಟಿನ ಮುಖ್ಯ ಕಚೇರಿ ಅಧಿಕಾರಿ. ಅಂದರೆ ನಾನೇ. ಒಬ್ಬ ಹೆಂಗಸು ಜೀವನಾಂಶದ ದಾವೆಗೆ ಬಂದಿದ್ದರು. ಆಸ್ತಿ ಪಟ್ಟಿಯಲ್ಲಿ ಎರಡು ಪಾತ್ರೆ, ಒಂದು ಕಂಬಳಿ, ತಾಳಿ ಅಂತ ಬರೆಸಿದ್ದರು. ಅಮ್ಮ, ಇವು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ ಅಂದೆ. ಜಪ್ತಿ ಮಾಡಲಾಗದ ವಸ್ತುಗಳನ್ನು, ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ತಾಳಿ, ಇವನ್ನು ಬಿಟ್ಟು ಎಣಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅವರು ನಂಬಲಿಲ್ಲ. ಎರಡು ಸಲ ಓದಿ ಹೇಳಿದೆ.

ಆ ಕೈದಿಯ ಸೋಪು, ಸ್ಟಾಂಪು ನನಗೆ ಅಡುಗೆ ಪಾತ್ರೆಯ ಹಾಗೆ ಕಾಣುತ್ತಿದೆ.

ಆದರೆ ನಮ್ಮದು ಧರ್ಮಛತ್ರ ಅಂತ ಯಾರೂ ತಿಳಿಯಬಾರದು. 33ನೇ ಆದೇಶದಲ್ಲೂ ಸೋತರೆ ಫೀ ಸರ್ಕಾರಕ್ಕೆ ಕಟ್ಟಬೇಕು. ಜಿಲ್ಲಾಧಿಕಾರಿಗಳು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬಹುದು. ಗೆದ್ದರೆ ಅದು ದಾವೆಯ ಹಣದ ಮೇಲೆ ಮೊದಲ ಬಾಕಿಯಾಗಿ ಕೂರುತ್ತದೆ. ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ವಸೂಲಿ ತೀರ್ಪಿಗೆ ಕಾಯುತ್ತದೆ. ಅಲ್ಲಿ ತೀರ್ಪಿನ ಮುಂಚೆಯೇ ಶುರು. ಫೀ ಇರಬೇಕು ಅನ್ನುವ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಆದರೆ ಕಾಯುವ ಫೀ ಆಗಲಿ.

ಹಾಸನದ ವಕೀಲೆ

ಸರ್, ಈ ಮಾತಿಗೆ ಧನ್ಯವಾದ. ಒಂದನ್ನು ಸೇರಿಸುತ್ತೇನೆ. ನಮ್ಮಲ್ಲಿ ಕಸ್ಟಡಿಯಲ್ಲಿರುವ ವ್ಯಕ್ತಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗಬೇಕು. ಕೋರ್ಟ್ ಫೀಯನ್ನು ಪ್ರಾಧಿಕಾರವೇ ಕಟ್ಟಬಹುದು. ಇನ್ನು ಮೂಲಭೂತ ಹಕ್ಕಿನ ವಿಷಯವಾದರೆ ಒಂದು ಕಾಗದವೂ ಸಾಕಾಗಿದೆ. ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಅದನ್ನೇ ಅರ್ಜಿ ಅಂತ ತಗೊಂಡು 1979ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬರೆದರು. ಆ ಕಾಗದಕ್ಕೆ ಯಾರೂ ಫೀ ಕೇಳಲಿಲ್ಲ. ನಮ್ಮ ಜೈಲುಗಳ ಸ್ಥಿತಿ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ವಿಚಾರಣಾಧೀನರು ವರ್ಷಗಟ್ಟಲೆ ಕೊಳೆಯುವುದನ್ನು ನೋಡಿದ್ದೇನೆ. ಬಾಗಿಲಲ್ಲಿ ದುಡ್ಡು ಕೇಳುವುದಿಲ್ಲ ಅನ್ನುವುದಷ್ಟೇ ನನ್ನ ಮಾತು.

ಅಮೆರಿಕದ ಪರವಾಗಿಯೂ ಎರಡು ಮಾತು ಹೇಳಬೇಕು. ಖಾತೆಯಲ್ಲಿ ಒಂದು ಸೆಂಟೂ ಇಲ್ಲ ಅಂತ ದಾವೆಯನ್ನು ತಿರಸ್ಕರಿಸುವಂತಿಲ್ಲ. ಅದೇ ಕಾಯ್ದೆಯಲ್ಲಿ ಹಾಗೆ ಬರೆದಿದೆ. ಗೆದ್ದರೆ ಆ ಫೀಯನ್ನು ಎದುರು ಪಕ್ಷದಿಂದ ಖರ್ಚಾಗಿ ಕೇಳಬಹುದು. ಬಂಧನವೇ ಕಾನೂನುಬಾಹಿರ ಅನ್ನುವ ಹೇಬಿಯಸ್ ಅರ್ಜಿಗೆ ಫೀ ಬರೀ 5 ಡಾಲರ್.

ಬಿಸಿಬೇಳೆಬಾತ್

ಒಂದೇ ಬ್ಯಾರಕ್‌ನಲ್ಲಿ ಹತ್ತು ಜನಕ್ಕೆ ಒಂದೇ ತೊಂದರೆ ಇದ್ದರೆ ಹತ್ತು ಜನ ಸೇರಿ ಒಂದು ದಾವೆ ಹಾಕಿ, ತಲೆಗೆ 35 ಹಂಚಿಕೊಂಡರೆ ಆಯ್ತಲ್ವಾ? ನಮ್ಮೂರಲ್ಲಿ ಬೋರ್‌ವೆಲ್‌ಗೆ ಹಾಗೇ ಮಾಡುತ್ತೇವೆ.

ಹಾಸನದ ವಕೀಲೆ

ಅಲಬಾಮಾದ ಹದಿನೆಂಟು ಜನ ಕೈದಿಗಳು ಅದನ್ನೇ ಮಾಡಿ ನೋಡಿದರು. 2001ರಲ್ಲಿ ಹನ್ನೊಂದನೇ ಸರ್ಕ್ಯೂಟ್ ಆಗುವುದಿಲ್ಲ ಅಂದಿತು. ಪ್ರತಿಯೊಬ್ಬರೂ ಬೇರೆ ದಾವೆ, ಬೇರೆ ಫೀ. ಏಳನೇ ಸರ್ಕ್ಯೂಟ್‌ನಲ್ಲಿ ಒಟ್ಟಿಗೆ ಹಾಕಬಹುದು, ಆದರೆ ಹತ್ತು ಜನವೂ ಪೂರ್ತಿ ಪೂರ್ತಿ ಫೀ ಕೊಡಬೇಕು.

ನ್ಯೂಜೆರ್ಸಿ ಕನ್ನಡಿಗ

ಒಂದು ಸಣ್ಣ ಪ್ರಶ್ನೆ. ವೀಸಾ ತೊಂದರೆಯಿಂದ ವಲಸೆ ಇಲಾಖೆಯ ಬಂಧನ ಕೇಂದ್ರದಲ್ಲಿರುವ ನಮ್ಮವರಿಗೂ ಇದು ಅನ್ವಯಿಸುತ್ತದೆಯೇ? ಪರಿಚಯದವರೊಬ್ಬರ ಸಲುವಾಗಿ ಕೇಳುತ್ತಿದ್ದೇನೆ.

ಹಾಸನದ ವಕೀಲೆ

ಬರೀ ವಲಸೆ ಕಾರಣಕ್ಕೆ ಬಂಧನದಲ್ಲಿದ್ದರೆ ಸಾಮಾನ್ಯವಾಗಿ ಇಲ್ಲ. ಈ ಕಾಯ್ದೆಯಲ್ಲಿ ಕೈದಿ ಅಂದರೆ ಅಪರಾಧದ ಆರೋಪ ಅಥವಾ ಶಿಕ್ಷೆಯ ಮೇಲೆ ಒಳಗಿರುವವರು. ವಲಸೆ ಬಂಧನ ಸಿವಿಲ್ ಬಂಧನ. ಒಂಬತ್ತನೇ ಸರ್ಕ್ಯೂಟ್ 2002ರಲ್ಲೇ ಹೀಗೆ ಹೇಳಿದೆ. ಹಾಗಾಗಿ ಅವರು ಹೊರಗಿನ ಬಡವರಂತೆ ಪೂರ್ತಿ ಮಾಫಿ ಕೇಳಬಹುದು. ಆದರೆ ಅಪರಾಧದ ವಿಚಾರಣೆಗೆ ಕಾಯುತ್ತಿರುವ ಆರೋಪಿಗಳಿಗೂ ಕಾಯ್ದೆ ಅನ್ವಯಿಸುತ್ತದೆ, ಇನ್ನೂ ಅಪರಾಧಿ ಅಂತ ಸಾಬೀತಾಗದಿದ್ದರೂ. ದಯವಿಟ್ಟು ಅಲ್ಲಿನ ವಲಸೆ ವಕೀಲರನ್ನು ತಡಮಾಡದೆ ನೋಡಿ.

ಕಾನೂನು ವಿದ್ಯಾರ್ಥಿ, ಬೆಂಗಳೂರು

ವಕೀಲರೇ ಯಾಕೆ ಈ ಕೇಸುಗಳನ್ನು ತಗೊಳ್ಳುವುದಿಲ್ಲ ಅಂತ ಯೋಚಿಸುತ್ತಿದ್ದೆ. ಅಲ್ಲೂ ಮಿತಿ ಇದೆ ಅಲ್ವಾ ಮೇಡಂ?

ಹಾಸನದ ವಕೀಲೆ

ಇದೆ. ಸಿಕ್ಕ ಪರಿಹಾರದ ಒಂದೂವರೆ ಪಟ್ಟಿಗಿಂತ ಜಾಸ್ತಿ ವಕೀಲರ ಫೀ ಎದುರು ಪಕ್ಷದಿಂದ ಬರುವಂತಿಲ್ಲ. 1,000 ಡಾಲರ್ ಗೆದ್ದರೆ 1,500 ಮಾತ್ರ. ಅದರಲ್ಲೂ 250ರ ತನಕ ಕೈದಿಯ ಸಾವಿರದಿಂದಲೇ ಕೊಡಬೇಕು. ನೂರಾರು ಗಂಟೆ ಕೆಲಸಕ್ಕೆ ಇಷ್ಟು. ಯಾರು ಬರುತ್ತಾರೆ ಹೇಳಿ.

ಡಲ್ಲಾಸ್ ಧಾರವಾಡಿಗ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಅವರಿಂದ ಉತ್ತರ ಬಂತು.

ನೀವೆಲ್ಲ ಹೇಳಿದ್ದನ್ನು ಸರಳ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದು ಕಳಿಸಿದ್ದೆ. ಕಡಿತದ ಲೆಕ್ಕವನ್ನು ಒಂದು ಪಟ್ಟಿಯಾಗಿ ಹಾಕಿದ್ದೆ. ಹಳೆಯ ದಾವೆಯದ್ದು ಇನ್ನೂ ಹನ್ನೊಂದು ತಿಂಗಳು. ಹೊಸದು ಹಾಕಿದರೆ ಆ ಹನ್ನೊಂದು ತಿಂಗಳು 50ರಲ್ಲಿ 20 ಹೋಗುತ್ತದೆ, ಆಮೇಲೆ ಎರಡು ವರ್ಷ 10. ಅವರ ಊರಿನ ಹತ್ತಿರದ ಕಾನೂನು ನೆರವಿನ ಕಚೇರಿಗಳ ವಿಳಾಸವನ್ನೂ ಹಾಕಿದ್ದೆ.

ಗಾಯ ಕಪ್ಪಾಗಿಲ್ಲ ಅಕ್ಕ, ಅಂಚಿನಲ್ಲಿ ಹಳದಿ ಇದೆಯಂತೆ. ಮೊದಲ ಹಂತದ ದೂರು ಕೊಟ್ಟಿದ್ದಾರೆ. ಹನ್ನೆರಡನೇ ದಿನ, ಗಡುವಿನೊಳಗೇ. ದೂರು ಕೊಟ್ಟ ವಾರದಲ್ಲಿ ಡ್ರೆಸ್ಸಿಂಗ್ ಒಂದು ಸಲ ಬದಲಾಯಿಸಿದರಂತೆ. ಎರಡನೇ ಹಂತದ ಉತ್ತರ ಬರುವ ತನಕ ಕಾಯುತ್ತಾರೆ. ಆಮೇಲೂ ಆಗದಿದ್ದರೆ ದಾವೆ ಹಾಕುವುದು ಅಂತ ತೀರ್ಮಾನಿಸಿದ್ದಾರೆ. ತಾಯಿಗೆ ಪಟ್ಟಿ ಕಳಿಸಿ ಕೇಳಿದರಂತೆ. ಹಾಕು, ಕಾಲು ಇದ್ದರೆ ತಾನೆ ಮನೆಗೆ ನಡೆದು ಬರುವುದು ಅಂತ ಅವರು ಬರೆದಿದ್ದಾರೆ.

ವಕೀಲೆ ಮೇಡಂ, ಅವರು ಗ್ಯಾಂಬಲ್ ತೀರ್ಪಿನ ಪ್ರತಿ ಕೇಳಿದ್ದಾರೆ. ಪೂರ್ತಿ ಕಳಿಸಿದರೆ ಪುಟ ಜಾಸ್ತಿಯಾಗುತ್ತದೆ. ಯಾವ ಭಾಗ ಮುಖ್ಯ?

ಹಾಸನದ ವಕೀಲೆ

ಪೂರ್ತಿ ಕಳಿಸಿ ಅಣ್ಣ, ನ್ಯಾಯಮೂರ್ತಿ ಸ್ಟೀವನ್ಸ್ ಅವರ ಭಿನ್ನ ತೀರ್ಪನ್ನೂ ಸೇರಿಸಿ. ಗ್ಯಾಂಬಲ್ ಬರೆದ ದಾವೆಯನ್ನು ವಜಾ ಮಾಡಬಾರದಿತ್ತು ಅಂತ ಅವರು ಬರೆದಿರುವುದು ಅಲ್ಲಿದೆ. ಅಂಚೆ ಖರ್ಚು ನನ್ನದು.